‘ಫ್ರೀ ಕರೆಂಟ್’ ಮ್ಯಾಗ್ನೆಟ್ ಜನರೇಟರ್: ಮುಚ್ಚಳ ತೆಗೆದಾಗ ಕಂಡದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಪಕ್ಕದ ತೋಟದ ಭಾವ 18,500 ರೂಪಾಯಿ ಕೊಟ್ಟು ತೆಗೆದುಕೊಂಡ ಪೆಟ್ಟಿಗೆಯ ರಿವ್ಯೂ ಇದು. ಮೇಲೆ ದೊಡ್ಡ ಅಕ್ಷರದಲ್ಲಿ 5 ಕಿಲೋವ್ಯಾಟ್ ಎಂದಿದೆ. ಪೆಟ್ರೋಲ್ ಬೇಡ, ಡೀಸೆಲ್ ಬೇಡ, ಬಿಸಿಲೂ ಬೇಡ, ಒಳಗಿನ ಮ್ಯಾಗ್ನೆಟ್ ತನ್ನಷ್ಟಕ್ಕೆ ಸುತ್ತುತ್ತಾ ಇಡೀ ಮನೆಗೆ ಕರೆಂಟ್ ಕೊಡುತ್ತದೆ, ಎರಡು ತಿಂಗಳಿಗೊಮ್ಮೆ ಬರುವ ಕೆ.ಎಸ್.ಇ.ಬಿ. (ಕೇರಳ ವಿದ್ಯುತ್ ಮಂಡಳಿ) ಬಿಲ್ಲಿಗೆ ಇನ್ನು ಹೆದರಬೇಕಾಗಿಲ್ಲ ಎಂದೆಲ್ಲ ಮಾರಲು ಬಂದವನು ಹೇಳಿದನಂತೆ. ಅಂಗಳದಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಉರಿಸಿ ತೋರಿಸಿದ. ಅವನು ಊಟ ಮಾಡಿ ಹೊರಡುವವರೆಗೂ ಬಲ್ಬ್ ಆರಲಿಲ್ಲ.

ಮಳೆಗಾಲದಲ್ಲಿ ಕಂಗು (ಅಡಿಕೆ ಮರ) ಮುರಿದು ಲೈನಿನ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ, ಅಂಥ ಕಡೆ ಈ ಮಾತು ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ. ಅದರಲ್ಲಿ ಭಾವನ ತಪ್ಪೇನೂ ಇಲ್ಲ.

ಮರುದಿನ ಅಕ್ಕ ಸಾಂಬಾರಿಗೆ ತೆಂಗಿನಕಾಯಿ ಕಡೆಯಲು ಮಿಕ್ಸಿಯ ವಯರ್ ಇದಕ್ಕೆ ಚುಚ್ಚಿದರು. ಪೆಟ್ಟಿಗೆ ಒಮ್ಮೆ ಕುಂಯ್ ಅಂತು. ಅಲ್ಲಿಗೆ ಮುಗಿಯಿತು.

"ನೀನು ದಿನಾ ಮೋಟರ್ ಬಿಚ್ಚುವವನಲ್ವಾ ಮಾರಾಯಾ, ಇದನ್ನೊಂದು ನೋಡು" ಎಂದು ಭಾವ ನನ್ನ ವೈಂಡಿಂಗ್ ಅಂಗಡಿಗೆ ತಂದಿಟ್ಟರು. ನಾಲ್ಕು ಸ್ಕ್ರೂ ತೆಗೆದೆ. ಮೇಲ್ಗಡೆ ನೋಡಲು ಚೆಂದವೇ: ಹೊಳೆಯುವ ಚಕ್ರ, ಅಂಚಿಗೆ ಮ್ಯಾಗ್ನೆಟ್ಟುಗಳು, ಸುತ್ತ ತಾಮ್ರದ ಕಾಯಿಲ್. ಅದರ ಅಡಿಯಲ್ಲಿ ಗಮ್ ಹಾಕಿ ಕೂರಿಸಿದ ಪ್ಲೈವುಡ್ ಹಲಗೆ. ಹಲಗೆ ಎಬ್ಬಿಸಿದರೆ ಯುಪಿಎಸ್‌ಗೆ ಹಾಕುವಂಥ ಬ್ಯಾಟರಿ, ಪಕ್ಕದಲ್ಲಿ ಒಂದು ಸಣ್ಣ ಇನ್ವರ್ಟರ್ ಬೋರ್ಡ್. ಬ್ಯಾಟರಿಯ ಲೇಬಲ್ಲನ್ನು ಬ್ಲೇಡಿನಿಂದ ಕೆರೆದಿದ್ದಾರೆ, ಆದರೂ 12 ವೋಲ್ಟ್ 7 ಆಂಪಿಯರ್-ಅವರ್ ಎಂದು ಓದಲು ಬರುತ್ತಿತ್ತು. ಅಂದರೆ 84 ವ್ಯಾಟ್-ಅವರ್. ಒಂದು ಯುನಿಟ್‌ ಎಂದರೆ 1000, ಅದರ ಹತ್ತನೇ ಒಂದು ಪಾಲೂ ಇಲ್ಲ. 9 ವ್ಯಾಟಿನ ಬಲ್ಬಿಗೆ ಇದು ಗಂಟೆಗಟ್ಟಲೆ ಸಾಕು, 500 ವ್ಯಾಟಿನ ಮಿಕ್ಸಿಗೆ ಎಲ್ಲಿ ಸಾಕು? ಬ್ಯಾಟರಿಯ ಕೆಂಪು ವಯರ್ ಕಳಚಿ ನೋಡಿದೆ. ಅಲ್ಲಿವರೆಗೆ ಸುತ್ತುತ್ತಿದ್ದ ಚಕ್ರ ನಿಧಾನವಾಗಿ ನಿಂತಿತು.

ಮ್ಯಾಗ್ನೆಟ್ಟನ್ನೇ ದೂರುತ್ತಿಲ್ಲ. ಇಡುಕ್ಕಿಯ 780 ಮೆಗಾವ್ಯಾಟ್ ಪವರ್‌ಹೌಸಿನ ಜನರೇಟರಿನಲ್ಲೂ ಕಾಂತದ ಕೆಲಸವೇ ನಡೆಯುವುದು, ಆದರೆ ತಿರುಗಿಸುವುದು ಮೇಲಿಂದ ಬೀಳುವ ನೀರು. ಮ್ಯಾಗ್ನೆಟ್ ಹತ್ತಿರ ಬರುವಾಗ ಎಷ್ಟು ಎಳೆಯುತ್ತದೋ ದೂರ ಹೋಗುವಾಗಲೂ ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಪೂರ್ತಿ ಒಂದು ಸುತ್ತು ಬಂದ ಮೇಲೆ ಕೈಗೆ ಉಳಿಯುವುದು ಏನೂ ಇಲ್ಲ. ನಂಬಿಕೆ ಬರದಿದ್ದರೆ ಹಳೆಯ ಬಿಎಲ್‌ಡಿಸಿ (ಒಳಗೆ ಮ್ಯಾಗ್ನೆಟ್ ಇರುವ) ಫ್ಯಾನಿನ ಮೋಟರ್ ತೆಗೆದುಕೊಳ್ಳಿ. ಮೂರು ವಯರ್ ಬಿಡಿಯಾಗಿದ್ದರೆ ಕೈಯಲ್ಲಿ ಸುಲಭವಾಗಿ ತಿರುಗುತ್ತದೆ. ಆ ಮೂರನ್ನೂ ಒಟ್ಟಿಗೆ ಸುತ್ತಿ ಮತ್ತೆ ತಿರುಗಿಸಿ, ಕೆಸರಲ್ಲಿ ಹೂತ ಹಾಗೆ ಬಿಗಿಯಾಗುತ್ತದೆ, ಯಾಕೆಂದರೆ ಕಾಯಿಲಿನಲ್ಲಿ ಕರೆಂಟ್ ಹರಿದ ಕೂಡಲೇ ಅದು ತಿರುಗುವುದಕ್ಕೆ ಅಡ್ಡ ನಿಲ್ಲುತ್ತದೆ. ಲೋಡ್ ಜಾಸ್ತಿ ಆದಷ್ಟೂ ತಡೆ ಜಾಸ್ತಿ. ಆ ತಡೆ ಮೀರಿ ಯಾರಾದರೂ ತಿರುಗಿಸುತ್ತಲೇ ಇರಬೇಕು. ಇದಕ್ಕೆ ಲೆನ್ಜ್ ನಿಯಮ ಎಂಬ ಹೆಸರಿದೆ, 1830ರ ದಶಕದಿಂದ ಗೊತ್ತಿರುವ ವಿಷಯ.

ದೊಡ್ಡ ದೇಶದವರೂ ಇದನ್ನು ಮಾರಲು ಹೊರಟಿದ್ದರು. ಐರ್ಲೆಂಡಿನ ಸ್ಟಿಯೋರ್ನ್ ಕಂಪನಿ 2006ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಹಾಕಿ ತಜ್ಞರನ್ನು ಕರೆಯಿತು, ಮ್ಯಾಗ್ನೆಟ್‌ನಿಂದ ಪುಕ್ಕಟೆ ಶಕ್ತಿ ತೋರಿಸುತ್ತೇವೆ, ಪರೀಕ್ಷೆ ಮಾಡಿ ಎಂದು. ಆ ತಜ್ಞರ ತಂಡವೇ 2009ರಲ್ಲಿ, ಶಕ್ತಿ ಉತ್ಪಾದನೆಯನ್ನು ಕಂಪನಿ ತೋರಿಸಿಲ್ಲ ಎಂದು ಒಮ್ಮತದಿಂದ ಹೇಳಿತು.

ಬಿಲ್ ಇಳಿಯಬೇಕು ಎಂದೇ ಇದ್ದರೆ ಸೋಲಾರ್ ಇದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯುನಿಟ್ ಬರುತ್ತದೆ, ನಮ್ಮ ಜೂನ್-ಜುಲೈಯಲ್ಲಿ ತುಂಬಾ ಕಡಿಮೆ. ಒಂದು ಮಾತು, ಸುಮಾರು ಏಜೆಂಟರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ: ಬ್ಯಾಟರಿ ಇಲ್ಲದೆ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ಬಂದ್ ಆಗುತ್ತದೆ. ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ವಾ? ಕರೆಂಟ್ ಹೋದಾಗಲೂ ದೀಪ ಬೇಕು ಎಂದರೆ ಸುಮ್ನೆ ಒಂದು ಒಳ್ಳೆಯ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಿ.

ಪೆಟ್ಟಿಗೆಗೆ ನನ್ನ ಮಾರ್ಕು ಸೊನ್ನೆ. ಬೋರ್ಡ್ ಕೆಟ್ಟಿರಲಿಲ್ಲ, ಬ್ಯಾಟರಿ ಚಾರ್ಜ್ ಮಾಡಿ ವಾಪಸ್ ಕೊಟ್ಟೆ, ಈಗ ದನದ ಹಟ್ಟಿಯಲ್ಲಿ ಎಮರ್ಜೆನ್ಸಿ ಲೈಟು. ವಾರಂಟಿ ಕಾರ್ಡಿನಲ್ಲಿ ವಿಳಾಸವೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ, ಬರೀ ಒಂದು ಸೀಲು. ಇಂಥದ್ದನ್ನು ಈಗಾಗಲೇ ತೆಗೆದುಕೊಂಡವರು ಹಣ ಕೊಟ್ಟ ದಾಖಲೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. ಭಾವ ಕೊಟ್ಟದ್ದು ಪೂರ್ತಿ ನಗದು.