ಶಿರಸಿ ಕಡೆಯವ್ರು ನೋಡಿ: ಬೆಳಿಗ್ಗೆ ಬ್ರೇಕ್ ಸೌಂಡ್ ಬಂತು ಅಂತ ಡಿಸ್ಕ್ ಬದಲಾಯಿಸೋಕೆ ಹೋಗ್ಬೇಡಿ

ಬೆಳಿಗ್ಗೆ ಕಾರ್ ತೆಗೆದ ಕೂಡ್ಲೇ ಬ್ರೇಕಿಂದ ಕರ್ರ್ ಅಂತ ಸೌಂಡ್ ಬರ್ತಿದ್ರೆ ದಯವಿಟ್ಟು ಇದನ್ನ ಓದ್ಕೊಂಡು ಆಮೇಲೆ ಗ್ಯಾರೇಜಿಗೆ ಹೋಗಿ. ನಂಗೆ ಹನ್ನೊಂದು ಸಾವಿರ ಚಿಲ್ಲರೆ ನಾಮ ಬಿದ್ದಿದೆ. ಬರಿಯೋಕೇ ನಾಚಿಕೆ, ಆದ್ರೂ ಬರೀತಿದೀನಿ, ಈ ಚಳೀಲಿ ಆ ಗ್ಯಾರೇಜಿನವ್ನು ಇನ್ನೆಷ್ಟು ಜನಕ್ಕೆ ಇದೇ ಕಥೆ ಹೇಳ್ತಿದಾನೋ.

ಅಡಿಕೆ ಕೊಯ್ಲು ಟೈಮು, ಶೆಡ್ ತುಂಬಾ ಚೀಲ, ಕಾರು ರಾತ್ರಿಯೆಲ್ಲಾ ಅಂಗಳದಲ್ಲಿ ಇಬ್ಬನಿಗೆ ನೆನೀತಾ ನಿಂತಿರುತ್ತೆ. ಗೇಟ್ ದಾಟೋವಾಗ ಬ್ರೇಕ್ ಒತ್ತಿದ್ರೆ ಕರ್ರ್. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗೋದಿತ್ತು, ಬ್ರೇಕ್ ವಿಷಯ ಅಲ್ವಾ, ಪೇಟೇಲಿ ಒಂದು ಗ್ಯಾರೇಜಲ್ಲಿ ಬಿಟ್ಟೆ. ಅವ್ನು ಚಕ್ರ ಸೈತ ಬಿಚ್ಚಿಲ್ಲ, ಬಗ್ಗಿ ನೋಡ್ದ, "ಸಾರ್, ಚಳಿಗೆ ಡಿಸ್ಕ್ ಹೋಗಿದೆ, ಹೀಗೇ ಘಟ್ಟ ಇಳಿದ್ರೆ ಮುಂದಿಂದು ನನ್ನ ಕೇಳ್ಬೇಡಿ" ಅಂದ. ಘಟ್ಟದ ಹೆಸ್ರು ಹೇಳಿ ಹೆದರಿಸಿದ್ರೆ ಹೆಂಡ್ತಿ ಮಕ್ಕಳು ಇರೋರು ಯಾರು ಬೇಡ ಅಂತಾರೆ? ಮುಂದಿನ ಎರಡೂ ಡಿಸ್ಕು (ಚಕ್ರದ ಜೊತೆ ತಿರುಗೋ ತಟ್ಟೆ), ಬ್ರೇಕ್ ಒತ್ತಿದಾಗ ಅದನ್ನ ಹಿಡಿಯೋ ಪ್ಯಾಡು, ಮೇಲಿಂದ "ಚಳಿಗಾಲದ ಸ್ಪೆಷಲ್ ಬ್ರೇಕ್ ಆಯಿಲ್", ಲೇಬರ್ ಬೇರೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಕರ್ರ್.

ಇಳಿದು ಅಲಾಯ್ ಚಕ್ರದ ಸಂದೀಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ನಿನ್ನೆ ಹಾಕ್ಸಿದ ಹೊಸಾ ಡಿಸ್ಕ್ ಮೇಲೆ ತೆಳ್ಳಗೆ ಕೆಂಪು ತುಕ್ಕು, ಮುಟ್ಟಿದ್ರೆ ಬೆರಳಿಗೆ ಹತ್ತುತ್ತೆ. ಮೈಯೆಲ್ಲಾ ಉರಿದುಹೋಯ್ತು. ಡಿಸ್ಕು ಬೀಡುಕಬ್ಬಿಣದ್ದು, ಪ್ಯಾಡ್ ಉಜ್ಜೋ ಜಾಗಕ್ಕೆ ಪೇಂಟ್ ಇರಲ್ಲ, ಇಬ್ಬನಿ ಬಿದ್ರೆ ತುಕ್ಕು ಬಂದೇ ಬರುತ್ತೆ, ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಪ್ಯಾಡೇ ಉಜ್ಜಿ ತೆಗೆಯುತ್ತೆ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ಇನ್ನೂ ಬೇಗ. ಇಷ್ಟೇ ವಿಷಯ!

ಫೋನ್ ಮಾಡಿದ್ರೆ "ಹೊಸದಲ್ವಾ ಸಾರ್, ಸೆಟ್ ಆಗ್ಬೇಕು". ಹಳೇ ಡಿಸ್ಕ್ ವಾಪಸ್ ಕೊಡು ಅಂದ್ರೆ "ಗುಜರಿಗೆ ಹೋಯ್ತಲ್ಲ ಸಾರ್". ರಾತ್ರೋರಾತ್ರಿ ಗುಜರಿಗೆ! ಜಿಎಸ್‌ಟಿ ಬಿಲ್ ಕೇಳಿದ್ರೆ "ಮೊದ್ಲೇ ಹೇಳ್ಬೇಕಿತ್ತು".

ಅದಕ್ಕಿಂತ ಸಿಟ್ಟು ಬಂದಿದ್ದು ಆಯಿಲ್ ನೋಡಿ. ಗುರ್ತಿನ ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ತೋರಿಸ್ದ, ಕಷಾಯದ ಬಣ್ಣದ ಹಳೇ ಆಯಿಲ್ಲೇ ಇದೆ. "ಭಾವ, ಇದನ್ನ ಮುಟ್ಟೇ ಇಲ್ಲ" ಅಂದ. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ, ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಿದ್ರೆ 230 ಡಿಗ್ರಿ ತಂಕ ಕುದಿಯಲ್ಲ, ನೀರು ಸೇರಿದ್ಮೇಲೆ 155ರ ಹತ್ರಾನೇ ಕುದಿಯಬಹುದು, ಘಟ್ಟದಲ್ಲಿ ಬ್ರೇಕ್ ಒತ್ಕೊಂಡೇ ಇಳಿದ್ರೆ ಬಿಸಿಯಾಗಿ ಒಳಗೆ ಆವಿ ಕಟ್ಟಿ ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತೆ. ಅಂದ್ರೆ ಜೀವ ಹೋಗೋ ವಿಷಯ ಬಿಟ್ಟು ಏನೂ ಆಗದೇ ಇರೋದಕ್ಕೆ ದುಡ್ಡು ತಗೊಂಡಿದಾನೆ! ನಮ್ಮ ಶಿರಸಿ ಚಳಿಗೆ ಯಾವ ಸ್ಪೆಷಲ್ ಆಯಿಲ್ಲೂ ಬೇಡ, ಆ ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಡಾಟ್ ನಂಬರ್ದೇ ಸಾಕು, ಎರಡು ವರ್ಷಕ್ಕೊಮ್ಮೆ ಕಣ್ಣೆದುರೇ ಬದಲಾಯಿಸ್ಕೊಳ್ಳಿ.

ಸೌಂಡ್ ಒಂದೆರಡು ಕಿಲೋಮೀಟರಲ್ಲಿ ನಿಂತ್ರೆ ಸುಮ್ನಿರಿ. ನಿಲ್ದೇ ಇದ್ರೆ, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದ್ರೆ, ಪೆಡಲ್ ಕೆಳಗೆ ಹೋದ್ರೆ ತೋರಿಸಿ, ಆದ್ರೆ ಚಕ್ರ ಬಿಚ್ಚಿಸಿ ಪ್ಯಾಡ್ ನೀವೇ ನೋಡಿ, ಹಳೇ ಸಾಮಾನು ಡಿಕ್ಕೀಲಿ ಹಾಕ್ಕೊಂಡೇ ಹೊರಡಿ. ಮತ್ತೆ ಸಮ ಜಾಗ ಇದ್ರೆ ರಾತ್ರಿ ಹ್ಯಾಂಡ್‌ಬ್ರೇಕ್ ಬದ್ಲು ಗೇರಲ್ಲಿ ನಿಲ್ಸಿ, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ರೆ ತೇವಕ್ಕೆ ಆ ಡ್ರಮ್ಮಿಗೆ ಶೂ (ಒಳಗಿಂದ ಒತ್ತೋ ಬ್ರೇಕ್ ಪಟ್ಟಿ) ಕಚ್ಕೊಳ್ಳುತ್ತೆ, ಅದನ್ನ ನೋಡಿದ್ರೆ ಈ ಪುಣ್ಯಾತ್ಮ ಡ್ರಮ್ಮೂ ಹೋಗಿದೆ ಅಂತಾನೆ.

ನಿನ್ನೆ ಅವ್ನೇ ಮೆಸೇಜ್ ಹಾಕಿದಾನೆ, "ಬನ್ನಿ ಸಾರ್, ಆಯಿಲ್ ಫ್ರೀಯಾಗಿ ಹಾಕ್ಕೊಡ್ತೀನಿ". ಲೇಬರ್ ಮಾತ್ರ ಕೊಡ್ಬೇಕಂತೆ.