17 ಹೋಗಿ 529 ಆದದ್ದು: ನಾಲ್ಕು ವರ್ಷದ ರಾಸ್ಪ್‌ಬೆರಿ ಪೈ 4 ಅನುಭವ

ರಾಸ್ಪ್‌ಬೆರಿ ಪೈ 4 ಅನ್ನೋದು ಒಂದು ಪುಟ್ಟ ಕಂಪ್ಯೂಟರ್ ಬೋರ್ಡು; ಅದರ ಸ್ಪೀಡು, ರ್‍ಯಾಮು ನಿಮಗೆ ಗೊತ್ತಿರೋದೇ. ನಾನು ಬರೀತಿರೋದು ಅದರ 40 ಪಿನ್ನುಗಳಲ್ಲಿ ಒಂದೇ ಒಂದರ ಬಗ್ಗೆ: ಜಿಪಿಐಒ 17 (ಪ್ರೋಗ್ರಾಂನಿಂದ ಆನ್-ಆಫ್ ಮಾಡಬಹುದಾದ ಪಿನ್ನು). ನಮ್ಮನೆ ಸಂಪ್ ಮೋಟಾರಿನ ರಿಲೇ (ಪಿನ್ನಿನ ಸಣ್ಣ ಸಿಗ್ನಲ್ಲಿಗೆ ಮೋಟಾರ್ ಹಾಕಿ ಆರಿಸೋ ಸ್ವಿಚ್ಚು) ಇರೋದು ಅದರಲ್ಲಿ.

ಮೊದಲೆಲ್ಲ ಒಂದು ಪುಟ್ಟ ಶೆಲ್ ಸ್ಕ್ರಿಪ್ಟು ಬೆಳಿಗ್ಗೆ ಐದೂವರೆಗೆ, ಲಿನಕ್ಸಿನಲ್ಲಿ ಫೈಲುಗಳ ಮೂಲಕ ಪಿನ್ ಆಡಿಸೋ ಹಳೇ ದಾರಿಯಾದ ಸಿಸ್‌ಎಫ್‌ಎಸ್‌ನ ಎಕ್ಸ್‌ಪೋರ್ಟ್ ಫೈಲಿಗೆ 17 ಅಂತ ಬರೆದು ಮೋಟಾರ್ ಹಾಕ್ತಿತ್ತು. ರಿಲೇ ಟಕ್ ಅಂದ್ರೆ ಅಮ್ಮ ಎದ್ದು ಹಾಲಿಗಿಡೋರು. 2024ರಲ್ಲಿ ಅಪ್‌ಡೇಟ್ ಹಾಕಿದೆ, ಲಿನಕ್ಸಿನ ತಿರುಳಾದ ಕರ್ನಲ್ 6.6 ಬಂತು. ಮಾರನೇ ದಿನ ಟಕ್ ಇಲ್ಲ. ಏಳು ಗಂಟೆಗೆ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ. ವೈರು, ರಿಲೇ, ಫ್ಯೂಸು ಎಲ್ಲ ಬಿಚ್ಚಿ ನೋಡಿದೆ. ಲಾಗ್‌ನಲ್ಲಿ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್'. ಪಿನ್ ಎಣಿಕೆ ಈಗ 512ರಿಂದ ಶುರುವಾಗುತ್ತಂತೆ. ನನ್ನ 17 ಆಗಿದ್ದು 529! ಅರ್ಧ ದಿನ ಹಾಳು, ಸಿಟ್ಟು ನೆತ್ತಿಗೇರಿತ್ತು.

529 ಅಂತ ತಿದ್ದಿ ಸುಮ್ಮನಾಗಬಹುದಿತ್ತು. ಆದ್ರೆ ಕರ್ನಲ್ ದಾಖಲೆ ತೆಗೆದು ನೋಡಿದ್ರೆ, 2016ರ 4.8ರಲ್ಲೇ ಪಿನ್ನುಗಳಿಗೆ ಕ್ಯಾರೆಕ್ಟರ್ ಡಿವೈಸ್ ಅನ್ನೋ ಹೊಸ ದಾರಿ ಬಂದಿದೆ, ಸಿಸ್‌ಎಫ್‌ಎಸ್ ದಾರಿ ಬಿಡಿ ಅಂತ ಬರೆದೇ ಇದೆ. ಓದದೇ ಇದ್ದದ್ದು ನಾನು. ಆ ಭಾನುವಾರವೇ ಹೊಸ ದಾರಿ ಬಳಸೋ ಲೈಬ್ರರಿ ಲಿಬ್‌ಜಿಪಿಐಒಡಿಗೆ ಬಂದೆ.

ಇಷ್ಟು ಖುಷಿ ಕೊಡುತ್ತೆ ಅಂದುಕೊಂಡಿರಲಿಲ್ಲ. ಡಿವೈಸ್ ಟ್ರೀಯಲ್ಲೇ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್ಲಿಗೆ ಹೇಳೋ ವಿವರಪಟ್ಟಿ) ಪ್ರತಿ ಪಿನ್ನಿಗೂ ಹೆಸರಿದೆ; 'ಜಿಪಿಐಒ17' ಅಂತ ಹೆಸರು ಹಿಡಿದು ಕೇಳಿದ್ರೆ ಸಾಕು, ಎಣಿಕೆ ಎಲ್ಲಿಂದ ಶುರುವಾದ್ರೂ ಚಿಂತೆಯಿಲ್ಲ. ಪಿನ್ ಯಾರ ಕೈಯಲ್ಲಿದೆ ಅನ್ನೋದನ್ನೂ ಕರ್ನಲ್ ನೆನಪಿಟ್ಟುಕೊಳ್ಳುತ್ತೆ. ಈಗ ದಿನಾ ಕಾಫಿ ಲೋಟ ಹಿಡಿದು ಜಿಪಿಐಒಇನ್ಫೊ ಕಮಾಂಡ್ ಕೊಡ್ತೀನಿ. ಉದ್ದದ ಪಟ್ಟಿ ಇಳಿದು ಬರುತ್ತೆ, 17ನೇ ಸಾಲಲ್ಲಿ ನಾನೇ ಇಟ್ಟ 'ಸಂಪ್-ಮೋಟಾರ್', ಪಕ್ಕದಲ್ಲಿ 'ಔಟ್‌ಪುಟ್'. ಅದನ್ನು ನೋಡಿದ ಮೇಲೇ ಮೊದಲ ಗುಟುಕು. ಹೋದ ತಿಂಗಳು ಅಕ್ಕನ ಮಗ ಎಲ್‌ಇಡಿ ಪ್ರಯೋಗಕ್ಕೆ ಅದೇ ಪಿನ್ ಕೇಳಿದ. ಕರ್ನಲ್ 'ಬ್ಯುಸಿ' ಅಂದು ವಾಪಸ್ ಕಳಿಸಿತು. ಹಳೇ ದಾರಿಯಲ್ಲಾಗಿದ್ರೆ ಇಬ್ಬರ ಸ್ಕ್ರಿಪ್ಟೂ ಅದೇ ಫೈಲಿಗೆ ಬರೆದು ಮೋಟಾರ್ ಹತ್ತಿ ಆರಿ ಆಗ್ತಿತ್ತು.

ಒಂದು ತಕರಾರಿದೆ. ಪ್ರೋಗ್ರಾಂ ಮುಗಿದ ಮೇಲೆ ಪಿನ್ ಅದೇ ಸ್ಥಿತಿಯಲ್ಲಿ ಇರುತ್ತೆ ಅನ್ನೋ ಖಾತ್ರಿ ಲೈಬ್ರರಿ ಕೊಡಲ್ಲ. ಅದಕ್ಕೇ ಸಣ್ಣ ಪೈಥಾನ್ ಸರ್ವಿಸ್ ಒಂದನ್ನು ಸದಾ ಓಡಿಸ್ತೀನಿ. ಟ್ಯಾಂಕಿನ ಫ್ಲೋಟ್ ಸ್ವಿಚ್ಚನ್ನಂತೂ ಕಿತ್ತಿಲ್ಲ, ನೀವೂ ಕೀಳಬೇಡಿ.

ಹೊಸದಾಗಿ ರಿಲೇ ಹಾಕೋರಿಗೆ ಇನ್ನೊಂದು ಮಾತು: ಹೈ ಕೊಟ್ಟಾಗ ಆನ್ ಆಗೋ ರಿಲೇ ಆದ್ರೆ ಜಿಪಿಐಒ 9ರಿಂದ 27ರೊಳಗೆ ಆರಿಸಿ. ಬೋರ್ಡ್ ಎದ್ದೇಳುವಾಗ ಅವು ಲೋ ಕಡೆಗೆ ಎಳೆಯೋ ಪುಲ್-ಡೌನ್‌ನಲ್ಲಿರುತ್ತವೆ. 0ರಿಂದ 8 ಪುಲ್-ಅಪ್, ಅಂದ್ರೆ ಹೈ ಕಡೆಗೆ; ಅವಕ್ಕೆ ಅಂಥ ರಿಲೇ ಹಾಕಿದ್ರೆ, ಕರೆಂಟ್ ಹೋಗಿ ಬಂದಾಗ, ಸ್ಕ್ರಿಪ್ಟು ಏಳೋದಕ್ಕೆ ಮೊದಲೇ ಮೋಟಾರ್ ಹತ್ತಿಕೊಳ್ಳಬಹುದು.