ವಾಟ್ಸ್‌ಆ್ಯಪ್ ಬಿಸಿನೆಸ್: ಹಪ್ಪಳ ಮಾರುವವರ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮ್ಮ ಮನೆಯಲ್ಲಿ ಹಲಸಿನಕಾಯಿ ಹಪ್ಪಳ, ಮಾಂಬಳ (ಪದರವಾಗಿ ಒಣಗಿಸಿದ ಮಾವಿನ ರಸ), ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಪುನರ್ಪುಳಿ (ಕೋಕಂ) ಶರಬತ್ತು ತಯಾರಿಸಿ ಮಾರುತ್ತೇವೆ. ಅಂಗಡಿ ಇಲ್ಲ. ವ್ಯಾಪಾರದ ಹೆಚ್ಚಿನ ಮಾತುಕತೆ ನಡೆಯುವುದು ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ. ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ಈ ಆ್ಯಪ್ ಉಚಿತ. ವರ್ಷಗಟ್ಟಲೆ ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಒಮ್ಮೆ ಬಂದ ಗಿರಾಕಿಯನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನ ಸಣ್ಣ ವ್ಯಾಪಾರಿಗೆ ಸಿಗಲಾರದು. ಹೊಸಬರನ್ನು ಕರೆತರಲು ಮಾತ್ರ ಬೇರೆ ದಾರಿಯೂ ಬೇಕು.

ನಮ್ಮ ಕಸುಬಿನಲ್ಲಿ ಮಾಡುವ ಕಾಲ ಒಂದು, ಮಾರುವ ಕಾಲ ಇನ್ನೊಂದು. ಹಪ್ಪಳ ಒತ್ತಿ ಒಣಗಿಸುವುದು ಮಾರ್ಚ್‌ನಿಂದ ಮೇ ತನಕ, ಬಿಸಿಲು ಇರುವಷ್ಟು ದಿನ. ಗಿರಾಕಿಗೆ ಹಪ್ಪಳ ನೆನಪಾಗುವುದು ಮಳೆ ಹಿಡಿದ ಮೇಲೆ, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್). ಅಷ್ಟು ಹೊತ್ತಿಗೆ ಒಳ್ಳೆಯ ಸರಕು ಮುಗಿದಿರುತ್ತದೆ. ಆದ್ದರಿಂದ ತೊಳೆ ಬಿಡಿಸುವಾಗ, ಬೇಯಿಸಿದ್ದನ್ನು ಕಡೆಯುವಾಗ, ಚಾಪೆಯ ತುಂಬ ಹಪ್ಪಳ ಹರವಿದಾಗ ಒಂದೊಂದು ಚಿತ್ರ ಸ್ಟೇಟಸ್‌ನಲ್ಲಿ ಹಾಕುತ್ತೇವೆ. ಅದು ಉಳಿಯುವುದು 24 ಗಂಟೆ ಮಾತ್ರ, ಆದರೂ ಮುಂಗಡ ಬೇಡಿಕೆ ಬರುವುದು ಇಲ್ಲಿಂದಲೇ. ‘ಅಕ್ಕಾ, ನಮಗೂ ಎರಡು ಕಟ್ಟು ತೆಗೆದಿಡಿ’ ಎಂದು ಬೆಂಗಳೂರಿನಿಂದ ಸಂದೇಶ ಬಂದರೆ, ಮಳೆಗಾಲಕ್ಕೆ ಎಷ್ಟು ಹಲಸು ಕೊಯ್ಯಿಸಬೇಕು ಎಂಬ ಅಂದಾಜು ಬೇಸಗೆಯಲ್ಲೇ ಸಿಗುತ್ತದೆ.

ಸರಕನ್ನು ಚಿತ್ರ, ಬೆಲೆ ಸಹಿತ ತೋರಿಸುವ ಕ್ಯಾಟಲಾಗ್ ಸೌಲಭ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಅದನ್ನು ತೆರೆದು ಅರ್ಧಕ್ಕೇ ಬಿಟ್ಟಿರುತ್ತಾರೆ. ಹಸಿ ಹಪ್ಪಳದ ಚಿತ್ರ ಹಾಕಿದರೆ ಗಿರಾಕಿ ಕೇಳುವ ಮೊದಲ ಪ್ರಶ್ನೆ, ಕರಿದರೆ ಎಷ್ಟು ದೊಡ್ಡದಾಗುತ್ತದೆ ಎಂಬುದು. ನಮ್ಮ ಚಿತ್ರದಲ್ಲಿ ಬಾಳೆಲೆಯ ಮೇಲೆ ಒಂದು ಹಸಿ ಹಪ್ಪಳ, ಅದರ ಬದಿಯಲ್ಲೇ ಈಗಷ್ಟೇ ಎಣ್ಣೆಯಿಂದ ತೆಗೆದ ಇನ್ನೊಂದು. ಅಂಗಳದ ಬೆಳಗಿನ ಬೆಳಕಿನಲ್ಲಿ ತೆಗೆದದ್ದರಿಂದ ಎಳ್ಳು, ಜೀರಿಗೆ ಎಣಿಸುವಷ್ಟು ಸ್ಪಷ್ಟ. ಕೆಳಗೆ ಕಟ್ಟಿನಲ್ಲಿ ಎಷ್ಟು ಹಪ್ಪಳ, ತೂಕ ಎಷ್ಟು, ಬೆಲೆ ಎಷ್ಟು, ಖಾರ ಎಷ್ಟು ಎಂದು ಬರೆದಿದ್ದೇವೆ; ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಯ ಸಂಖ್ಯೆಯೂ ಇದೆ. ಬೆಲೆ ಮುಚ್ಚಿಟ್ಟು ‘ಸಂಪರ್ಕಿಸಿ’ ಎಂದು ಬರೆಯುವ ಪದ್ಧತಿ ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಕೇಳಲು ಸಂಕೋಚಪಡುವ ಗಿರಾಕಿ ಸುಮ್ಮನೆ ಹೋಗಿಬಿಡುತ್ತಾನೆ. ಮಾಂಬಳ ಮುಗಿದಾಗ ಅದನ್ನು ಅಳಿಸಬೇಕಾಗಿಲ್ಲ, ಮರೆಮಾಡಿದರೆ ಸಾಕು. ಮುಂದಿನ ವರ್ಷ ಹಾಗೆಯೇ ತೆರೆಯಬಹುದು.

ಗಿರಾಕಿಗಳ ಮಾತುಕತೆಯನ್ನು ವಿಂಗಡಿಸಲು ಹಚ್ಚುವ ಲೇಬಲ್‌ಗಳನ್ನು ನಮ್ಮ ಭಾಷೆಯಲ್ಲೇ ಇಟ್ಟುಕೊಂಡಿದ್ದೇವೆ: ‘ಅಂಚೆಗೆ ಹೋಗಬೇಕು’, ‘ಹಣ ಬಾಕಿ’, ‘ಗಲ್ಫ್’. ಮೂರನೆಯದು ತುಂಬ ಉಪಕಾರಿ. ಈ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ದುಬೈಯಲ್ಲೋ ಕತಾರಿನಲ್ಲೋ ಇರುತ್ತಾರೆ. ರಜೆ ಮುಗಿಸಿ ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ಅವರ ಪೆಟ್ಟಿಗೆಗೆ ಹಪ್ಪಳ ಸೇರಬೇಕಲ್ಲ.

ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಗೇ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಮಿತಿ ತಿಳಿದಿರಲಿ. ಒಂದು ಪಟ್ಟಿಗೆ 256 ಜನ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲಪುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ, ನನಗೆ ಇದು ನ್ಯಾಯವೆಂದೇ ತೋರುತ್ತದೆ. ಮೊದಲ ಪಾರ್ಸೆಲ್‌ನೊಳಗೆ ‘ಈ ನಂಬರ್ ಉಳಿಸಿಕೊಳ್ಳಿ, ಹೊಸ ಸರಕು ಬಂದಾಗ ತಿಳಿಸುತ್ತೇವೆ’ ಎಂಬ ಚೀಟಿ ಇಡುತ್ತೇವೆ. ಹೊಸ ಸರಕು ಬಂದಾಗ ಒಂದು ಸಂದೇಶ, ಅಷ್ಟೇ. ದಿನಾ ಶುಭೋದಯ ಕಳುಹಿಸಿದರೆ ಯಾರೂ ಸಹಿಸುವುದಿಲ್ಲ.

ಹೊಸಬರು ಬರಲು ನಮಗೆ ನೆರವಾದದ್ದು ಬ್ಲಾಗ್. ಅದು ಹುಟ್ಟಿದ್ದೂ ಈ ಆ್ಯಪ್‌ನಿಂದಲೇ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರ ಬರೆದಿಟ್ಟು, ಓರೆ ಗೆರೆ (/) ಒತ್ತಿದರೆ ಅದು ಬರುವಂತೆ ಮಾಡಬಹುದು. ಹಪ್ಪಳಕ್ಕೆ ಬೂಷ್ಟು ಬಾರದಂತೆ ಇಡುವುದು ಹೇಗೆ, ಮಾಂಬಳಕ್ಕೆ ಇಷ್ಟು ಬೆಲೆ ಏಕೆ, ಸಾಂತಾಣಿ ಮಾಡುವುದು ಹೇಗೆ ಎಂಬ ಆ ಉತ್ತರಗಳನ್ನೇ ವಿಸ್ತರಿಸಿ ಗೂಗಲ್‌ನ ಉಚಿತ ಬ್ಲಾಗರ್‌ನಲ್ಲಿ ಲೇಖನಗಳಾಗಿ ಹಾಕಿದೆವು. ಗಿರಾಕಿ ಕೇಳಿದ ಪ್ರಶ್ನೆಯೇ ಶೀರ್ಷಿಕೆ, ಮೊದಲ ಪ್ಯಾರಾದಲ್ಲೇ ಉತ್ತರ, ಕೊನೆಯಲ್ಲಿ ವಾಟ್ಸ್‌ಆ್ಯಪ್‌ಗೆ ನೇರ ಕೊಂಡಿ. ಕಾಟು (ಕಾಡು) ಮಾವಿನ ರಸವನ್ನು ಚಾಪೆಯ ಮೇಲೆ ಎರೆದು, ಒಂದು ಪದರ ಒಣಗಿದ ಮೇಲೆ ಇನ್ನೊಂದು ಎರೆಯುತ್ತ ಹೋಗುವ ಕೆಲಸವನ್ನು ಚಿತ್ರಸಹಿತ ವಿವರಿಸಿದ ಮೇಲೆ ಮಾಂಬಳದ ಬೆಲೆಗೆ ಚೌಕಾಸಿ ಮಾಡುವವರು ಬಹಳ ಕಡಿಮೆಯಾದರು. ಲೇಖನವನ್ನು ಹಂಗಾಮಿಗೆ ಒಂದೆರಡು ತಿಂಗಳು ಮೊದಲೇ ಹಾಕಿರಿ, ಹುಡುಕಾಟದಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ಕಾಸರಗೋಡಿನಲ್ಲಿ ಮಲಯಾಳಂ ಓದುವ ಗಿರಾಕಿಯೂ ನಮ್ಮವನೇ. ಮುಖ್ಯ ಲೇಖನಗಳನ್ನು ಆ ಭಾಷೆಯಲ್ಲಿ ಪ್ರತ್ಯೇಕವಾಗಿ ಬರೆದು, ನೆರೆಮನೆಯ ಅಧ್ಯಾಪಕಿಗೆ ತೋರಿಸಿಯೇ ಪ್ರಕಟಿಸುತ್ತೇವೆ.

ಇದರ ಜೊತೆಗೆ ಗೂಗಲ್ ಹುಡುಕಾಟದಲ್ಲಿ ನಮ್ಮ ವ್ಯಾಪಾರದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಇರಲಿ. ಮನೆಯಿಂದ ವ್ಯಾಪಾರ ಮಾಡುವವರು, ಗಿರಾಕಿ ಮನೆಗೆ ಬರುವ ಪದ್ಧತಿ ಇಲ್ಲದಿದ್ದರೆ, ವಿಳಾಸ ತೋರಿಸದೆ ಸರಕು ತಲಪಿಸುವ ಪ್ರದೇಶವನ್ನಷ್ಟೇ ತೋರಿಸಬಹುದು. ವಿಮರ್ಶೆ ಬರೆಯಿರಿ ಎಂದು ಗಿರಾಕಿಯನ್ನು ಕೇಳಬಹುದು, ಅದಕ್ಕೆ ಪ್ರತಿಫಲವಾಗಿ ರಿಯಾಯಿತಿ ಕೊಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ‘ಹುಡುಕಾಟದಲ್ಲಿ ನಿಮ್ಮನ್ನು ಮೊದಲ ಸ್ಥಾನಕ್ಕೆ ತರುತ್ತೇವೆ’ ಎಂದು ಫೋನ್ ಮಾಡುವವರಿಗೆ ಬಿಡಿಗಾಸನ್ನೂ ಕೊಡಬೇಡಿ. ಹಾಗೆ ಖಾತರಿ ಕೊಡಲು ಯಾರಿಂದಲೂ ಆಗದು ಎಂದು ಗೂಗಲೇ ಹೇಳಿದೆ. ಸಾವಿರಾರು ಅಪರಿಚಿತ ನಂಬರುಗಳಿಗೆ ಒಮ್ಮೆಲೇ ಸಂದೇಶ ಕಳುಹಿಸುವ ತಂತ್ರಾಂಶವೂ ಬೇಡ, ನಂಬರ್ ನಿಷೇಧಕ್ಕೆ ಒಳಗಾಗುತ್ತದೆ.

ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ನಾನು ಕೊಡುವ ಅಂಕ 5ಕ್ಕೆ 4. ಲೆಕ್ಕಪತ್ರಕ್ಕೆ ಇದರಲ್ಲಿ ದಾರಿ ಸಾಲದು, ನಾವು ಈಗಲೂ ಪುಸ್ತಕ ಬರೆಯುತ್ತೇವೆ. ಹಣ ಬಂತೆಂಬ ಸ್ಕ್ರೀನ್‌ಶಾಟ್ ನೋಡಿ ಸರಕು ಕಳುಹಿಸದೆ ಬ್ಯಾಂಕ್ ಖಾತೆಯನ್ನೇ ನೋಡಿರಿ. ವ್ಯಾಪಾರಕ್ಕೆ ಪ್ರತ್ಯೇಕ ನಂಬರ್ ಇಟ್ಟು, ಎರಡು ಹಂತದ ದೃಢೀಕರಣಕ್ಕೆ ಆರಂಕಿಯ ಪಿನ್ ಹಾಕಿ, ಅದನ್ನು ಮನೆಯಲ್ಲಿ ಇನ್ನೊಬ್ಬರಿಗೂ ತಿಳಿಸಿಡಿ. ಗಿರಾಕಿಗಳ ಪಟ್ಟಿಯೆಲ್ಲ ಇರುವುದು ಆ ಒಂದು ಖಾತೆಯಲ್ಲಿ.